ಹೊಸ ಬಟ್ಟೆಯೊಳಗಿನ ಚಿಪ್: ಹುಡುಕುವುದು ಹೇಗೆ, ತೆಗೆಯುವುದು ಹೇಗೆ, ಕೌಂಟರಿನಲ್ಲಿ ಏನು ಹೇಳಬೇಕು

ಆಶ್ವೀಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆರೆದರೆ, ಬಲಿಪಾಡ್ಯಮಿಯ ಮರುದಿನ ಮುಚ್ಚುವ ತನಕ ನಮ್ಮೂರಿನ ಬಿ.ಎಂ. ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂಥದೊಂದು ಸಂಜೆ ಅಮ್ಮನನ್ನು ಕರೆದುಕೊಂಡು ಬಟ್ಟೆ ಅಂಗಡಿಯೊಂದಕ್ಕೆ ಹೋಗಿದ್ದೆ. ಚಳಿ ಶುರುವಾಗಿತ್ತು. ನನ್ನ ತಮ್ಮ ಬೆಂಗಳೂರಿನಿಂದ ತಂದುಕೊಟ್ಟಿದ್ದ ಸ್ವೆಟರನ್ನು ಅಮ್ಮ ಅವತ್ತೇ ಮೊದಲ ಸಲ ಹಾಕಿಕೊಂಡಿದ್ದರು. ಬಾಗಿಲು ದಾಟುತ್ತಿದ್ದಂತೆ ಎರಡೂ ಬದಿಯ ಕಂಬಗಳು ಕಿರುಚಿಕೊಂಡವು.

"ಅಮ್ಮಾ, ಸ್ವಲ್ಪ ಈ ಕಡೆ ಬನ್ನಿ, ಬ್ಯಾಗ್ ತೋರ್ಸಿ" ಎಂದ ಸೆಕ್ಯೂರಿಟಿಯ ಹುಡುಗ. ನಾವು ಹೊರಗೆ ಹೋಗುತ್ತಿರಲಿಲ್ಲ, ಒಳಗೆ ಬರುತ್ತಿದ್ದೆವು. ಆದರೂ ಜನ ನಿಂತು ನೋಡಿದರು. ಬ್ಯಾಗಿನಲ್ಲಿದ್ದ ದೇವಸ್ಥಾನದ ಕುಂಕುಮದ ಪೊಟ್ಟಣವನ್ನೂ ಬಿಚ್ಚಿ ನೋಡಿ "ಏನಿಲ್ಲ, ಹೋಗಿ" ಅಂದರು. ಅಮ್ಮ ಏನೂ ಕೊಳ್ಳದೆ ಮನೆಗೆ ಬಂದರು. ಆ ಸ್ವೆಟರನ್ನು ಮತ್ತೆ ಮುಟ್ಟಲಿಲ್ಲ.

ಆ ರಾತ್ರಿ ಅದನ್ನು ಒಳಮಗ್ಗುಲು ತಿರುಗಿಸಿ ಹೊಲಿಗೆ ಹೊಲಿಗೆಯನ್ನೂ ತಡವಿ ನೋಡಿದೆ. ಸಿಕ್ಕಿದ್ದು ಎರಡು ವಸ್ತು. ಪಕ್ಕದ ಹೊಲಿಗೆಯ ಹತ್ತಿರ ಉಗುರಿನಷ್ಟು ದಪ್ಪದ ಬಿಳಿ ಪ್ಲಾಸ್ಟಿಕ್ ಪಟ್ಟಿ. ಒಗೆಯುವ ವಿವರ ಬರೆದಿದ್ದ ಲೇಬಲ್ಲಿನ ಹಿಂದೆ ಇನ್ನೊಂದು ಲೇಬಲ್. ಅದನ್ನು ಮೊಬೈಲಿನ ಟಾರ್ಚಿಗೆ ಹಿಡಿದಾಗ ಒಳಗೆ ಬೆಳ್ಳಿ ಬಣ್ಣದ ಅಂಕುಡೊಂಕು ಗೆರೆ, ನಡುವೆ ರಾಗಿ ಕಾಳಿಗಿಂತ ಚಿಕ್ಕ ಕಪ್ಪು ಚುಕ್ಕೆ. ಕಂಬ ಕಿರುಚಿದ್ದು ಮೊದಲನೆಯದರಿಂದ. ಎರಡನೆಯದು ತಾನಾಗಿ ಸದ್ದು ಮಾಡುವುದಿಲ್ಲ, ಕೇಳಿದವರಿಗೆ ತನ್ನ ನಂಬರ್ ಮಾತ್ರ ಹೇಳುತ್ತದೆ. ಈ ಬರಹ ಹೆಚ್ಚಾಗಿ ಆ ಎರಡನೆಯದರ ಬಗ್ಗೆ.

ಯಾವುದು ಕಳ್ಳತನದ ಟ್ಯಾಗು, ಯಾವುದು ಚಿಪ್

ಇವೆರಡನ್ನೂ ಒಂದೇ ಎಂದುಕೊಂಡರೆ ಮುಂದಿನ ಹೆಜ್ಜೆಗಳೆಲ್ಲ ತಪ್ಪುತ್ತವೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಸೀರೆ, ಶರ್ಟಿಗೆ ಮೊಳೆಯಂಥ ಪಿನ್ನಿನಿಂದ ಚುಚ್ಚಿರುವ ಗಟ್ಟಿ ಪ್ಲಾಸ್ಟಿಕ್ ಟ್ಯಾಗು, ಅಮ್ಮನ ಸ್ವೆಟರಿನಲ್ಲಿದ್ದ ಬಿಳಿ ಪಟ್ಟಿ, ಚೌಕಾಕಾರದ ಸ್ಟಿಕರ್: ಇವು ಸಾಮಾನ್ಯವಾಗಿ ಕಳ್ಳತನ ತಡೆಯುವ ಸಾಧನಗಳು. ಬಿಳಿ ಪಟ್ಟಿಯ ಒಳಗಿನ ಲೋಹದ ತುಣುಕು 58 ಕಿಲೋಹರ್ಟ್ಸ್ ಕಂಪನಕ್ಕೆ ಮಿಡಿಯುತ್ತದೆ. ಚೌಕ ಸ್ಟಿಕರಿನ ಸುರುಳಿ 8.2 ಮೆಗಾಹರ್ಟ್ಸ್‌ಗೆ. ಬಾಗಿಲಿನ ಕಂಬಕ್ಕೆ ಅವು ಹೇಳಬಲ್ಲದ್ದು "ನಾನಿದ್ದೇನೆ" ಎಂಬ ಒಂದೇ ಮಾತು. ಯಾವ ಬಟ್ಟೆ, ಯಾವ ಅಂಗಡಿ, ಯಾರು ಕೊಂಡರು, ಒಂದೂ ಅವಕ್ಕೆ ಗೊತ್ತಿಲ್ಲ. ಬಿಲ್ ಮಾಡುವಾಗ ಗಟ್ಟಿ ಟ್ಯಾಗನ್ನು ಕಳಚಿಕೊಳ್ಳಬೇಕು, ಪಟ್ಟಿ ಮತ್ತು ಸ್ಟಿಕರನ್ನು ಕೌಂಟರಿನ ಪ್ಯಾಡಿನ ಮೇಲೆ ಉಜ್ಜಿ ನಿಷ್ಕ್ರಿಯಗೊಳಿಸಬೇಕು. ಉಜ್ಜಲು ಮರೆತರೆ ಅಮ್ಮನಿಗೆ ಆದದ್ದು ಆಗುತ್ತದೆ.

ಚಿಪ್ ಬೇರೆ. ಇದಕ್ಕೆ ಆರ್‌ಎಫ್‌ಐಡಿ ಎನ್ನುತ್ತಾರೆ, ರೇಡಿಯೋ ಅಲೆಯಿಂದ ಗುರುತು ಹಿಡಿಯುವ ವ್ಯವಸ್ಥೆ. ಬ್ಯಾಟರಿ ಇರುವುದಿಲ್ಲ. ರೀಡರ್ ಯಂತ್ರ ರೇಡಿಯೋ ಅಲೆ ಬಿಟ್ಟಾಗ ಆ ಅಲೆಯಿಂದಲೇ ಚಿಟಿಕೆಯಷ್ಟು ವಿದ್ಯುತ್ ಪಡೆದು, ತನ್ನಲ್ಲಿರುವ ನಂಬರನ್ನು ವಾಪಸ್ ಕಳಿಸುತ್ತದೆ. ಹಾಸನದವರಿಗೆ ಇದು ಹೊಸದಲ್ಲ. ಬೆಂಗಳೂರು ರಸ್ತೆಯ ಶಾಂತಿಗ್ರಾಮದ ಟೋಲಿನಲ್ಲಿ ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಕೆಲಸ ಮಾಡುವುದೂ ಹೀಗೆಯೇ. ನಮ್ಮ ದೇಶದಲ್ಲಿ ಇಂಥ ಟ್ಯಾಗುಗಳಿಗೆಂದು 2005ರಲ್ಲೇ 865ರಿಂದ 867 ಮೆಗಾಹರ್ಟ್ಸ್ ತರಂಗಾಂತರವನ್ನು ಲೈಸೆನ್ಸ್ ಬೇಡವೆಂದು ಬಿಟ್ಟುಕೊಟ್ಟಿದ್ದಾರೆ. ಫಾಸ್ಟ್ಯಾಗೂ ಬಟ್ಟೆಯ ಟ್ಯಾಗೂ ಅದೇ ಕುಟುಂಬದ ಅಣ್ಣತಮ್ಮಂದಿರು.

ಸಕಲೇಶಪುರ, ಆಲೂರು ಕಡೆಯ ಓದುಗರಿಗೆ ಆನೆಯ ಕೊರಳಿನ ರೇಡಿಯೋ ಕಾಲರ್ ನೆನಪಾಗಬಹುದು. ಅದು ಹೀಗಲ್ಲ. ಕಾಲರಿನಲ್ಲಿ ಬ್ಯಾಟರಿ ಇದೆ. ಹಿಂಡು ಎಲ್ಲಿದೆ ಎಂದು ಅದು ತಾನಾಗಿಯೇ ತಿಳಿಸುತ್ತದೆ, ಅರಣ್ಯ ಇಲಾಖೆಯವರು ಅದನ್ನು ನೋಡಿ ತೋಟದ ಜನರಿಗೆ ಎಸ್‌ಎಂಎಸ್ ಕಳಿಸುತ್ತಾರೆ. ಬಟ್ಟೆಯ ಚಿಪ್ಪಿಗೆ ಆ ಶಕ್ತಿ ಇಲ್ಲ. ಅದನ್ನು ಓದಬೇಕಾದರೆ ರೀಡರ್ ಕೆಲವು ಮೀಟರ್ ಹತ್ತಿರ ಬರಬೇಕು. ನೀವು ಸಕಲೇಶಪುರದ ಬಸ್ ಸ್ಟ್ಯಾಂಡಿನಲ್ಲಿದ್ದೀರೋ ಮನೆಯಲ್ಲಿದ್ದೀರೋ ಎಂದು ಉಪಗ್ರಹದಿಂದ ನೋಡಲು ಇದರಿಂದ ಆಗದು. ವಾಟ್ಸಾಪ್‌ನಲ್ಲಿ ಹಾಗೆ ಬರೆದು ಹೆದರಿಸುವ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ.

ಹಾಗಾದರೆ ಚಿಂತೆ ಯಾಕೆ? ನಂಬರಿನ ಕಾರಣಕ್ಕೆ. ಬಾರ್‌ಕೋಡ್ ಒಂದು ಬಗೆಯ ಬಟ್ಟೆಗೆಲ್ಲ ಒಂದೇ. ಅದೇ ಬಣ್ಣ, ಅದೇ ಸೈಜಿನ ಸಾವಿರ ಶರ್ಟಿಗೂ ಅದೇ ಗೆರೆಗಳು. ಚಿಪ್ಪಿನ ನಂಬರು ಒಂದೊಂದು ಶರ್ಟಿಗೂ ಬೇರೆ. ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ 96 ಬಿಟ್‌ನ ಮಾದರಿಯಲ್ಲಿ 38 ಬಿಟ್ ಬರೀ ಕ್ರಮಸಂಖ್ಯೆಗೆ ಮೀಸಲು (ಬಿಟ್ ಎಂದರೆ ಸೊನ್ನೆ ಅಥವಾ ಒಂದು ಬರೆಯುವ ಒಂದು ಮನೆ). ಅಂದರೆ ಒಂದೇ ಬಗೆಯ ಬಟ್ಟೆಗೆ ಸುಮಾರು 27,487 ಕೋಟಿ ಬೇರೆ ಬೇರೆ ನಂಬರ್ ಕೊಡಬಹುದು. ನಿಮ್ಮ ಶರ್ಟಿನ ನಂಬರು ಲೋಕದಲ್ಲಿ ನಿಮ್ಮ ಶರ್ಟಿಗೆ ಮಾತ್ರ.

ಆ ನಂಬರಿನಲ್ಲಿ ನಿಮ್ಮ ಹೆಸರಿಲ್ಲ, ಫೋನ್ ನಂಬರ್ ಇಲ್ಲ. ಫಾಸ್ಟ್ಯಾಗಿನ ಸ್ಟಿಕರಿನಲ್ಲೂ ನಿಮ್ಮ ಹೆಸರು ಬರೆದಿಲ್ಲವಲ್ಲ, ಹೆಸರಿರುವುದು ಬ್ಯಾಂಕಿನ ಕಂಪ್ಯೂಟರಿನಲ್ಲಿ. ಹಾಗೆಯೇ ಬಟ್ಟೆಯ ನಂಬರು ನಿಮ್ಮದಾಗುವುದು ಬಿಲ್ಲಿಂಗ್ ಕೌಂಟರಿನಲ್ಲಿ, "ಮೇಡಂ, ಮೊಬೈಲ್ ನಂಬರ್ ಹೇಳಿ" ಎಂದಾಗ ನೀವು ಹತ್ತು ಅಂಕಿ ಹೇಳುವ ಆ ಒಂದು ಕ್ಷಣದಲ್ಲಿ. ಬಟ್ಟೆಯ ನಂಬರು, ನಿಮ್ಮ ಫೋನ್ ನಂಬರು, ದಿನಾಂಕ, ಮೊತ್ತ ಎಲ್ಲ ಒಂದೇ ಬಿಲ್ಲಿನಡಿ ಸೇರುತ್ತವೆ. ಮುಂದಿನ ತಿಂಗಳು ಅದೇ ಬಟ್ಟೆ ತೊಟ್ಟು ಅದೇ ಅಂಗಡಿಯ ಬೇರೆ ಊರಿನ ಶಾಖೆಗೆ ಹೋದರೆ, ಬಾಗಿಲಿನಲ್ಲಿ ರೀಡರ್ ಇದ್ದರೆ, ಬಂದದ್ದು ಯಾರೆಂದು ತಿಳಿಯಲು ತಾಂತ್ರಿಕವಾಗಿ ಏನೂ ಅಡ್ಡಿಯಿಲ್ಲ. ಅಂಗಡಿಯವರೆಲ್ಲ ಹೀಗೆ ಮಾಡುತ್ತಿದ್ದಾರೆ ಎಂಬ ಆರೋಪ ನನ್ನದಲ್ಲ. ಬಾಗಿಲಿಗೆ ಬೀಗ ಹಾಕಿಕೊಳ್ಳುವುದು ಬೀದಿಯವರೆಲ್ಲ ಕಳ್ಳರೆಂದಲ್ಲ.

ಅಂಗಡಿಗಳು ಚಿಪ್ ಹಾಕುವುದಕ್ಕೆ ನ್ಯಾಯವಾದ ಕಾರಣವೂ ಇದೆ, ಸ್ಟಾಕ್ ಎಣಿಕೆ. ಬಾರ್‌ಕೋಡ್ ಆದರೆ ಒಂದೊಂದನ್ನೇ ತೆಗೆದು ತೋರಿಸಬೇಕು. ಚಿಪ್ ಇದ್ದರೆ ಕೈಯಲ್ಲಿ ರೀಡರ್ ಹಿಡಿದು ಕಪಾಟಿನ ಮುಂದೆ ನಡೆದರೆ ಸಾಕು, ನಿಮಿಷಕ್ಕೆ ನೂರಾರು ಬಟ್ಟೆ ಎಣಿಕೆಯಾಗುತ್ತವೆ. ಡೆಕಾಥ್ಲಾನಿನಲ್ಲಿ ಬುಟ್ಟಿಯೊಳಗೆ ಬಟ್ಟೆ ಹಾಕಿದ ಕೂಡಲೇ ಪರದೆಯ ಮೇಲೆ ಬೆಲೆ ಮೂಡುವುದನ್ನು ಬೆಂಗಳೂರಿಗೆ ಹೋಗಿಬರುವ ಹುಡುಗರು ನೋಡಿರುತ್ತಾರೆ. ಯುನಿಕ್ಲೋದಲ್ಲೂ ಅಂಥ ವ್ಯವಸ್ಥೆ ಇದೆ. ಜಾರಾ ಕಂಪನಿಯವರು 2014ರ ಸುಮಾರಿಗೆ ಶುರು ಮಾಡಿದಾಗ ಚಿಪ್ಪನ್ನು ಗಟ್ಟಿ ಟ್ಯಾಗಿನ ಒಳಗೇ ಇಟ್ಟು, ಕೌಂಟರಿನಲ್ಲಿ ಕಳಚಿಕೊಂಡು ಮತ್ತೆ ಬಳಸುತ್ತಿದ್ದರು. ನನ್ನ ಮಟ್ಟಿಗೆ ಅದೇ ಸರಿಯಾದ ದಾರಿ: ಬಟ್ಟೆ ನಮ್ಮ ಮನೆಗೆ, ಚಿಪ್ ಅವರ ಡ್ರಾಯರಿಗೆ. ಲೇಬಲ್ಲಿನೊಳಗೆ ಹೊಲಿದುಬಿಟ್ಟರೆ ಚಿಪ್ಪೂ ನಮ್ಮ ಹಿಂದೆಯೇ ಮನೆಗೆ ಬರುತ್ತದೆ.

ಈ ಜಗಳ ಹಳೆಯದು. 2003ರ ಮಾರ್ಚ್‌ನಲ್ಲಿ ಇಟಲಿಯ ಬೆನೆಟನ್ ಕಂಪನಿ ತನ್ನ ಬಟ್ಟೆಗಳಿಗೆ ಫಿಲಿಪ್ಸ್‌ನ ಚಿಪ್ ಹಾಕಲಿದೆ ಎಂಬ ಪ್ರಕಟಣೆ ಬಂತು. ಮಾತು ಕೇಳಿಬಂದದ್ದು ಒಂದೂವರೆ ಕೋಟಿ ಚಿಪ್ಪಿನದು. ಅಮೆರಿಕದ ಗ್ರಾಹಕರ ಸಂಘಟನೆಯೊಂದು ಬೆನೆಟನ್ ಬಟ್ಟೆ ಕೊಳ್ಳಬೇಡಿ ಎಂದು ಕರೆ ಕೊಟ್ಟಿತು. ಏಪ್ರಿಲ್ ಮೊದಲ ವಾರದಲ್ಲೇ ಕಂಪನಿ, ನಮ್ಮ ಯಾವ ಬಟ್ಟೆಯಲ್ಲೂ ಚಿಪ್ ಇಲ್ಲ, ಪರೀಕ್ಷೆಗೆಂದು ಇನ್ನೂರು ಕೊಂಡಿದ್ದೇವೆ ಅಷ್ಟೆ ಎಂದು ಹೇಳಿಕೆ ಕೊಡಬೇಕಾಯಿತು. 2009ರ ಮೇ 12ರಂದು ಯುರೋಪಿಯನ್ ಕಮಿಷನ್ ಶಿಫಾರಸು ಹೊರಡಿಸಿ, ಗ್ರಾಹಕರು ಇರಲಿ ಎಂದು ಒಪ್ಪದ ಹೊರತು ಮಾರಾಟದ ಜಾಗದಲ್ಲೇ ಟ್ಯಾಗನ್ನು ತೆಗೆಯಬೇಕು ಇಲ್ಲವೇ ನಿಷ್ಕ್ರಿಯಗೊಳಿಸಬೇಕು ಎಂದಿತು. ಖಾಸಗಿತನಕ್ಕೆ ಧಕ್ಕೆಯಿಲ್ಲವೆಂದು ಅಂಗಡಿ ಪರಿಶೀಲಿಸಿಕೊಂಡಿದ್ದರೂ, ಕೇಳಿದವರಿಗೆ ಉಚಿತವಾಗಿ ತೆಗೆದುಕೊಡುವ ಏರ್ಪಾಡಿರಬೇಕು ಎಂಬ ಮಾತೂ ಅದರಲ್ಲಿತ್ತು. ಶಿಫಾರಸೇ ಹೊರತು ಕಾನೂನಲ್ಲ. ಆದರೂ ಕೇಳುವ ಮಾತು ಯಾವುದೆಂದು ನಮಗೆ ಅದು ಕಲಿಸುತ್ತದೆ.

ಮನೆಯಲ್ಲಿ ಹುಡುಕುವ ಬಗೆ

ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ ಹಾಸಿಗೆಯ ಮೇಲೆ ಹರಡಿ. ಮೊದಲು ತೂಗುಬಿಟ್ಟ ಬೆಲೆಯ ಕಾರ್ಡು ನೋಡಿ. ಎರಡು ಪದರ ಅಂಟಿಸಿದಂತೆ ದಪ್ಪವಾಗಿದ್ದರೆ, ಹಿಂದೆ ಸ್ಟಿಕರ್ ಅಂಟಿಸಿದ್ದರೆ ಅಲ್ಲೇ ಚಿಪ್ ಇರುವ ಸಂಭವ ಹೆಚ್ಚು. ಆಮೇಲೆ ಕುತ್ತಿಗೆಯ ಲೇಬಲ್, ಎಡಪಕ್ಕದ ಹೊಲಿಗೆಯಲ್ಲಿರುವ ವಾಶ್ ಕೇರ್ ಲೇಬಲ್, ಪ್ಯಾಂಟಾದರೆ ಸೊಂಟದ ಪಟ್ಟಿಯ ಒಳಭಾಗ, ಜಾಕೆಟ್ಟಾದರೆ ಒಳಜೇಬು. ಬೆರಳಿನಿಂದ ಒತ್ತಿ ತಡವಿ. ಬಟ್ಟೆಯ ಲೇಬಲ್ ಮಡಚಿದಾಗ ಸುಮ್ಮನೆ ಮಡಚಿಕೊಳ್ಳಬೇಕು. ಒಳಗೆ ಪ್ಲಾಸ್ಟಿಕ್ ಹಾಳೆಯಂತೆ ಸ್ವಲ್ಪ ಸೆಟೆದುಕೊಂಡರೆ, ಚರಚರ ಎಂದರೆ, ನಿಲ್ಲಿಸಿ.

ನಮ್ಮ ಬೀದಿಯ ಅಕ್ಕ ಒಬ್ಬರು ಗಾರ್ಮೆಂಟ್ಸ್‌ನ ಪ್ಯಾಕಿಂಗ್ ಸೆಕ್ಷನ್ನಿನಲ್ಲಿದ್ದಾರೆ, ಬೆಳಗ್ಗೆ ಏಳೂವರೆಗೆ ವ್ಯಾನ್ ಹತ್ತುತ್ತಾರೆ. ಅಮ್ಮನ ಸ್ವೆಟರ್ ತೋರಿಸಿದಾಗ ಅವರು ಕಣ್ಣಲ್ಲಿ ನೋಡಲೂ ಇಲ್ಲ, ಹೆಬ್ಬೆರಳು ತೋರುಬೆರಳಿನ ನಡುವೆ ಲೇಬಲ್ ಹಿಡಿದು ಒಂದು ಸಲ ಉಜ್ಜಿ "ಇದ್ರಲ್ಲಿದೆ ಕಣಮ್ಮಾ" ಅಂದರು. ನಾಲ್ಕೈದು ಬಟ್ಟೆ ತಡವಿದ ಮೇಲೆ ನಿಮಗೂ ಆ ಕೈ ಬರುತ್ತದೆ.

ಈಗ ಲೇಬಲ್ಲನ್ನು ಟಾರ್ಚಿನ ಬೆಳಕಿಗೆ ಅಡ್ಡ ಹಿಡಿಯಿರಿ. ಬೆಳ್ಳಿಯ ಗೆರೆ ಕಂಡರೆ ಎಲ್ಲವೂ ಚಿಪ್ಪಲ್ಲ, ಇಲ್ಲೇ ಬಹಳ ಜನ ತಪ್ಪು ತಿಳಿಯುತ್ತಾರೆ. ಚೌಕವಾಗಿ ಸುತ್ತಿ ಸುತ್ತಿ ಹೋದ ದಪ್ಪ ಸುರುಳಿ, ಕಪ್ಪು ಚುಕ್ಕೆ ಎಲ್ಲೂ ಇಲ್ಲ ಎಂದಾದರೆ ಅದು ಕಳ್ಳತನದ ಸ್ಟಿಕರ್. ಬೆರಳುದ್ದದ ಪಟ್ಟಿಯಲ್ಲಿ ಹಾವಿನ ನಡೆಯ ಹಾಗೆ ಅಂಕುಡೊಂಕು ಗೆರೆ, ನಟ್ಟನಡುವೆ ಸಣ್ಣ ಚುಕ್ಕೆ ಇದ್ದರೆ ಅದೇ ಆರ್‌ಎಫ್‌ಐಡಿ. ಗೆರೆ ಅದರ ಆಂಟೆನಾ, ಚುಕ್ಕೆಯೇ ಚಿಪ್.

ಮೊಬೈಲಿನಲ್ಲೇ ಪರೀಕ್ಷೆ ಮಾಡಬಹುದಲ್ಲ ಎಂದು ಕೇಳುವವರಿಗೆ: ನಮ್ಮ ಫೋನಿನಲ್ಲಿರುವುದು ಎನ್‌ಎಫ್‌ಸಿ. ಅದು ಓದುವುದು 13.56 ಮೆಗಾಹರ್ಟ್ಸ್‌ನ ಚಿಪ್ಪನ್ನು, ಅದೂ ಎರಡು ಮೂರು ಸೆಂಟಿಮೀಟರ್ ಹತ್ತಿರದಿಂದ. ದುಬಾರಿ ಶೂ, ಜಾಕೆಟ್‌ಗಳಲ್ಲಿ ಅಸಲಿಯೋ ನಕಲಿಯೋ ತಿಳಿಯಲು ಕೆಲವು ಕಂಪನಿಗಳು ಹಾಕುವುದು ಅಂಥ ಚಿಪ್. ಫೋನ್ ತಗಲಿಸಿದರೆ ಕಂಪನಿಯ ಪುಟ ತೆರೆದುಕೊಳ್ಳುತ್ತದೆ. ಸ್ಟಾಕ್ ಎಣಿಕೆಯ ಚಿಪ್ 865 ಮೆಗಾಹರ್ಟ್ಸ್‌ನದು, ಸಾಮಾನ್ಯ ಫೋನಿಗೆ ಅದು ಕೇಳಿಸುವುದೇ ಇಲ್ಲ. ಫೋನ್ ಸುಮ್ಮನಿತ್ತು ಎಂದು ಬಟ್ಟೆಯಲ್ಲಿ ಚಿಪ್ ಇಲ್ಲವೆಂದು ತೀರ್ಮಾನಿಸಬೇಡಿ. ಬೆರಳು ಮತ್ತು ಟಾರ್ಚನ್ನೇ ನಂಬಿ.

ಕಟ್ಟಿನಕೆರೆ ಮಾರುಕಟ್ಟೆಯ ಸುತ್ತಿನ ಸಣ್ಣ ಅಂಗಡಿಯಲ್ಲಿ ಕೊಂಡ ಲುಂಗಿ, ಟವೆಲ್, ನೈಟಿಯಲ್ಲಿ ಹುಡುಕುತ್ತ ಕೂರುವ ಅಗತ್ಯ ಕಡಿಮೆ. ಈ ಚಿಪ್ ಹೆಚ್ಚಾಗಿ ದೊಡ್ಡ ಬ್ರ್ಯಾಂಡುಗಳ ವ್ಯವಹಾರ. ಆದರೆ ಎಕ್ಸ್‌ಪೋರ್ಟ್ ಸರ್‌ಪ್ಲಸ್, ಅಂದರೆ ವಿದೇಶಕ್ಕೆ ಹೋಗದೆ ಉಳಿದದ್ದು, ಎಂದು ರಾಶಿ ಹಾಕಿ ಮಾರುವ ಬಟ್ಟೆಯನ್ನು ಒಮ್ಮೆ ತಡವಿ ನೋಡಿ.

ಕೌಂಟರಿನಲ್ಲಿ ನಿಂತಾಗ

ನೀವು ಒಂದೇ ಕೆಲಸ ಮಾಡಲು ಸಾಧ್ಯ ಎಂದಾದರೆ ಇದನ್ನು ಮಾಡಿ: ಫೋನ್ ನಂಬರ್ ಕೊಡಬೇಡಿ.

"ಮೇಡಂ, ನಂಬರ್ ಹೇಳಿ."

"ನಂಬರ್ ಬೇಡಪ್ಪಾ, ಪೇಪರ್ ಬಿಲ್ಲೇ ಕೊಡು."

"ನಂಬರ್ ಹಾಕದೆ ಸಿಸ್ಟಮ್ ತಗೊಳ್ಳಲ್ಲ ಮೇಡಂ."

ಇಲ್ಲಿಗೆ ಹೆಚ್ಚಿನವರು ಸೋಲುತ್ತಾರೆ. ಹಿಂದೆ ಸಾಲು ನಿಂತಿರುತ್ತದೆ, ಮಗು ಅಳುತ್ತಿರುತ್ತದೆ. ನಾನೂ ಎಷ್ಟೋ ಸಲ ಹೇಳಿ ಬಂದಿದ್ದೇನೆ. ಈಗ ನಾನು ಹೇಳುವುದು ಇಷ್ಟು: "ಗ್ರಾಹಕರು ನಂಬರ್ ಕೊಡಲೇಬೇಕು ಅಂತ ಒತ್ತಾಯ ಮಾಡಬಾರದು ಅಂತ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೇ ಹೇಳಿದೆಯಪ್ಪಾ. ಮ್ಯಾನೇಜರ್ ಹತ್ರ ಕೇಳಿ ಬಾ, ನಾನು ಕಾಯ್ತೀನಿ." ಇದು ನಿಜ. 2023ರ ಮೇ ತಿಂಗಳಲ್ಲಿ ಇಲಾಖೆ ಚಿಲ್ಲರೆ ವ್ಯಾಪಾರಿಗಳಿಗೆ ಈ ಸೂಚನೆ ಕೊಟ್ಟಿದೆ. ಮ್ಯಾನೇಜರ್ ಬಂದರೆ ನಂಬರಿಲ್ಲದೆಯೇ ಬಿಲ್ ಆಗುತ್ತದೆ, ನನಗೆ ಈವರೆಗೆ ಆಗಿದೆ. ಕೌಂಟರಿನ ಹುಡುಗ ಹುಡುಗಿಯರ ಮೇಲೆ ಕೂಗಾಡಬೇಡಿ. ನಂಬರ್ ತಗೊಳ್ಳಿ ಎಂದು ಮೇಲಿನವರು ಹೇಳಿರುತ್ತಾರೆ, ಇವರು ದಿನವಿಡೀ ನಿಂತು ಕೆಲಸ ಮಾಡುವವರು.

ಇನ್ನೆರಡು ಮಾತನ್ನೂ ಅಲ್ಲೇ ಕೇಳಿ. "ಇದರಲ್ಲಿ ಚಿಪ್ ಇದೆಯಾ? ಇದ್ರೆ ಕತ್ತರಿಸಿ ಕೊಡಿ." ಚಿಪ್ ಎಂದರೆ ಅರ್ಥವಾಗದಿದ್ದರೆ ಲೇಬಲ್ ತೋರಿಸಿ. ಎರಡನೆಯದು, "ಟ್ಯಾಗ್ ಆಫ್ ಮಾಡಿದ್ರಾ?" ಇದು ಕಂಬ ಕಿರುಚುವ ಟ್ಯಾಗಿಗೆ. ಪ್ಯಾಡಿನ ಮೇಲೆ ಉಜ್ಜಿದ್ದನ್ನು ಕಣ್ಣಾರೆ ನೋಡಿ ಹೊರಡಿ. ಹಿರಿಯರಿಗೆ, ಮಕ್ಕಳಿಗೆ ಕೊಳ್ಳುವಾಗಂತೂ ಮರೆಯಬೇಡಿ.

ಚಿಪ್ಪನ್ನು ಕತ್ತರಿಸದೆ ಕೊಲ್ಲುವ ದಾರಿಯೂ ಅದರ ವಿನ್ಯಾಸದಲ್ಲೇ ಇದೆ. 32 ಬಿಟ್‌ನ ಗುಪ್ತಸಂಖ್ಯೆಯೊಂದಿಗೆ ಆಜ್ಞೆ ಕೊಟ್ಟರೆ ಚಿಪ್ ಶಾಶ್ವತವಾಗಿ ಬಾಯಿ ಮುಚ್ಚುತ್ತದೆ. ಆದರೆ ಆ ಆಜ್ಞೆ ಕೊಡಬಲ್ಲದ್ದು ಅಂಗಡಿಯವರ ಯಂತ್ರ. ಬಟ್ಟೆ ವಾಪಸ್ ಬಂದರೆ ಮತ್ತೆ ಎಣಿಸಬೇಕಲ್ಲ ಎಂದು ಅವರು ಅದರ ಗೊಡವೆಗೆ ಹೋಗುವುದು ಅಪರೂಪ. ಮನೆಯ ಕತ್ತರಿಯೇ ಗಟ್ಟಿ.

ಯುಪಿಐ ಬಗ್ಗೆ ಒಂದು ಮಾತು. ಹಣ ಹೋದಾಗ ನಿಮ್ಮ ಹೆಸರು, ಯುಪಿಐ ವಿಳಾಸ ಅಂಗಡಿಯ ಕಡೆಗೆ ಕಾಣಬಹುದು. ವಿಳಾಸದಲ್ಲೇ ಫೋನ್ ನಂಬರ್ ಇದ್ದರೆ ಬಾಯಲ್ಲಿ ಹೇಳದ ನಂಬರನ್ನು ಕೈಯಿಂದ ಕೊಟ್ಟಂತಾಯಿತು. ಹೆಸರಿನ ಅಥವಾ ಬೇರೆ ಅಕ್ಷರಗಳ ವಿಳಾಸ ಮಾಡಿಕೊಳ್ಳಿ, ಇಲ್ಲವೇ ನಗದು ಕೊಡಿ.

ಕತ್ತರಿ ಹಾಕುವ ಮೊದಲು, ಹಾಕುವಾಗ

ಅವಸರ ಬೇಡ. ಬಟ್ಟೆ ಸರಿಹೊಂದುತ್ತದೆಯೇ ಎಂದು ಮೊದಲು ಹಾಕಿ ನೋಡಿ. ಲೇಬಲ್ ಇಲ್ಲದ ಬಟ್ಟೆಯನ್ನು ಬದಲಾಯಿಸಿಕೊಡಲು ಅಂಗಡಿಯವರು ತಕರಾರು ತೆಗೆಯುತ್ತಾರೆ. ಬದಲಾವಣೆಯ ಗಡುವು ಮುಗಿಯುವ ತನಕ ಅದನ್ನು ಬೀರುವಿನಲ್ಲೇ ಬಿಡಿ, ತೊಟ್ಟು ತಿರುಗಬೇಡಿ. ದೋಷವಿರುವ ಬಟ್ಟೆಯ ಮಾತು ಬೇರೆ: ಬಿಲ್ಲಿನಲ್ಲಿ ಬರೆದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ, ದೋಷದ ಸರಕನ್ನು ವಾಪಸ್ ತೆಗೆದುಕೊಳ್ಳಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಅದಕ್ಕೂ ಬಿಲ್ ಬೇಕು. ಬಿಲ್ಲಿನ ಫೋಟೊ ತೆಗೆದಿಟ್ಟುಕೊಳ್ಳಿ, ಅದರ ಅಕ್ಷರ ದಿನ ಕಳೆದಂತೆ ಮಾಸಿಹೋಗಬಹುದು.

ಲೇಬಲ್ಲಿನ ಎರಡೂ ಬದಿಯ ಫೋಟೊ ತೆಗೆಯಿರಿ. ಎಷ್ಟು ಬಿಸಿ ನೀರು, ಇಸ್ತ್ರಿ ಎಷ್ಟು, ಯಾವ ನೂಲು ಎಂಬುದೆಲ್ಲ ಅದರಲ್ಲೇ ಇರುತ್ತದೆ. ಆಮೇಲೆ ಲೇಬಲ್ಲಿನ ಮೇಲೆ ಕತ್ತರಿಯ ಚಿತ್ರ, ಚುಕ್ಕೆ ಚುಕ್ಕೆಯ ಗೆರೆ ಇದೆಯೇ ನೋಡಿ. ಇದ್ದರೆ ಅಲ್ಲೇ ಕತ್ತರಿಸಿ, ಬಟ್ಟೆಗೆ ಏನೂ ಆಗದು. ಇಲ್ಲವಾದರೆ ಹೊಲಿಗೆಯಿಂದ ಅರ್ಧ ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ಹೊಲಿಗೆಗೇ ಕತ್ತರಿ ತಾಗಿದರೆ ಪಕ್ಕ ಬಿಚ್ಚಿಕೊಳ್ಳುತ್ತದೆ. ಚಿಪ್ಪಿನ ಪಟ್ಟಿ ಎರಡು ಬಟ್ಟೆಯ ನಡುವೆ ಸೇರಿಸಿ ಹೊಲಿದಂತಿದ್ದರೆ ಮನೆಯಲ್ಲಿ ಪ್ರಯೋಗ ಮಾಡಬೇಡಿ, ಟೈಲರ್ ಹತ್ತಿರ ಕೊಡಿ. ಹೊಲಿಗೆ ಬಿಚ್ಚಿ, ಪಟ್ಟಿ ತೆಗೆದು ಮತ್ತೆ ಹಾಕಿಕೊಡುವುದು ಅವರಿಗೆ ಐದು ನಿಮಿಷದ ಕೆಲಸ.

ಆಂಟೆನಾದ ತುದಿ ಮಾತ್ರ ಕತ್ತರಿಸಿದರೆ ಓದುವ ದೂರ ಕಡಿಮೆಯಾಗುತ್ತದೆ, ಚಿಪ್ ಸಾಯುವುದಿಲ್ಲ. ಪಟ್ಟಿಯನ್ನು ಪೂರ್ತಿ ತೆಗೆಯಿರಿ, ತೆಗೆದ ಮೇಲೆ ಕಪ್ಪು ಚುಕ್ಕೆಯ ಮೇಲೆಯೇ ಕತ್ತರಿ ಆಡಿಸಿ.

ಇನ್ನು ಬೇರೆಯವರು ಹೇಳುವ ಉಪಾಯಗಳು. ಮೈಕ್ರೋವೇವಿನಲ್ಲಿ ಇಡಿ ಎನ್ನುತ್ತಾರೆ: ಖಂಡಿತ ಬೇಡ, ಲೋಹದ ಗೆರೆಯಿಂದ ಕಿಡಿ ಹಾರಿ ಬಟ್ಟೆಗೆ ಬೆಂಕಿ ಹತ್ತಬಹುದು. ಅಯಸ್ಕಾಂತ ಉಜ್ಜಿದರೆ ಏನೂ ಆಗುವುದಿಲ್ಲ, ಇದು ಹಳೆಯ ಕ್ಯಾಸೆಟ್ ಅಲ್ಲ. ಒಗೆದರೆ ಹಾಳಾಗುತ್ತದೆ ಎಂಬುದು ಅರ್ಧ ನಿಜ. ಕಾಗದದ ಟ್ಯಾಗು ಒಂದು ಒಗೆತಕ್ಕೆ ಹೋಗುತ್ತದೆ. ಬಟ್ಟೆಯ ಲೇಬಲ್ಲಿನೊಳಗೆ ಹೊಲಿಯಲೆಂದೇ ಮಾಡಿದ್ದು ಅನೇಕ ಒಗೆತ ತಡೆದುಕೊಳ್ಳುತ್ತದೆ. ಅಲ್ಯೂಮಿನಿಯಂ ಫಾಯಿಲ್ ಸುತ್ತಿದರೆ ರೇಡಿಯೋ ಅಲೆ ಒಳಗೆ ಹೋಗದು, ಆದರೆ ತೊಡುವ ಬಟ್ಟೆಗೆ ಫಾಯಿಲ್ ಸುತ್ತಿಕೊಂಡು ತಿರುಗಲಾದೀತೇ? ನೀರು ಮತ್ತು ನಮ್ಮ ಮೈ ಈ ಅಲೆಯನ್ನು ಹೀರಿಕೊಳ್ಳುತ್ತವೆ ಎಂಬುದಂತೂ ನಿಜ. ಮಲೆನಾಡಿನ ಮಳೆಯಲ್ಲಿ ನೆನೆದು ಮೈಗೆ ಅಂಟಿದ ಜಾಕೆಟ್ಟಿನ ಟ್ಯಾಗನ್ನು ದೂರದಿಂದ ಓದುವುದು ಕಷ್ಟ. ಅದನ್ನು ನಂಬಿ ಚಿಪ್ ಬಿಟ್ಟುಕೊಳ್ಳುವುದು ಬೇಡ, ಮಳೆ ನಿಂತ ಮೇಲೆ ಅದು ಮತ್ತೆ ಮಾತಾಡುತ್ತದೆ.

ನಂಬರ್ ಆಗಲೇ ಕೊಟ್ಟಾಗಿದೆ ಎನ್ನುವವರಿಗೆ

ನಮ್ಮಲ್ಲಿ ಹೆಚ್ಚಿನವರ ಪಾಡು ಇದೇ. ಹಬ್ಬ ಬಂತೆಂದರೆ ಎಂದೋ ಹೋದ ಅಂಗಡಿಯಿಂದ ಮೆಸೇಜ್ ಬರುತ್ತದೆ.

ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಮ್ಮ ನಾಡಿನ ಹಿರಿಯರೊಬ್ಬರು ಇಳಿವಯಸ್ಸಿನಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿ ಇಡೀ ದೇಶಕ್ಕೆ ಗಳಿಸಿಕೊಟ್ಟ ಹಕ್ಕು ಇದು. ಬಟ್ಟೆ ಅಂಗಡಿಯ ಕೌಂಟರಿನಲ್ಲಿ "ಬೇಡ" ಎನ್ನುವಾಗ ನನಗೆ ಧೈರ್ಯ ಬರುವುದು ಅವರನ್ನು ನೆನೆದು. ಆಮೇಲೆ 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು. ನಿಮ್ಮ ಬಗ್ಗೆ ಏನೇನು ಇಟ್ಟುಕೊಂಡಿದ್ದಾರೆ ಎಂದು ಕೇಳುವ ಹಕ್ಕು, ಅಳಿಸಿ ಎನ್ನುವ ಹಕ್ಕು ಅದರಲ್ಲಿವೆ. ಕಂಪನಿಗಳಿಗೆ ತಯಾರಾಗಲು ಹದಿನೆಂಟು ತಿಂಗಳು ಕೊಟ್ಟಿರುವುದರಿಂದ ಈ ಭಾಗ ಪೂರ್ತಿ ಜಾರಿಗೆ ಬರುವುದು 2027ರ ಮೇ ವೇಳೆಗೆ. ಅಲ್ಲಿಯ ತನಕ ಸುಮ್ಮನೆ ಕೂರಬೇಕಿಲ್ಲ, ಪತ್ರ ಈಗಲೇ ಬರೆಯಬಹುದು. ಬಿಲ್ಲಿನ ಹಿಂದೆ ಅಥವಾ ಅಂಗಡಿಯ ಜಾಲತಾಣದಲ್ಲಿ ಇಮೇಲ್ ವಿಳಾಸ ಇರುತ್ತದೆ. ನಾನು ಬರೆದದ್ದು ಹೀಗೆ, ಬೇಕಾದಂತೆ ಬದಲಿಸಿಕೊಳ್ಳಿ:

"ಮಾನ್ಯರೇ, ಇಂಥ ದಿನಾಂಕದಂದು ನಿಮ್ಮ ಹಾಸನದ ಅಂಗಡಿಯಲ್ಲಿ ಬಟ್ಟೆ ಕೊಂಡಿದ್ದೇನೆ, ಬಿಲ್ ಸಂಖ್ಯೆ ಇಷ್ಟು. ಬಿಲ್ ಮಾಡುವಾಗ ನನ್ನ ಮೊಬೈಲ್ ನಂಬರ್ ಪಡೆದಿದ್ದೀರಿ. ಬಟ್ಟೆಯ ಲೇಬಲ್ಲಿನಲ್ಲಿ ಆರ್‌ಎಫ್‌ಐಡಿ ಚಿಪ್ ಇತ್ತು. ಒಂದು, ಆ ಚಿಪ್ಪಿನ ಸಂಖ್ಯೆಯನ್ನು ನನ್ನ ಮೊಬೈಲ್ ನಂಬರಿನ ಜೊತೆ ಸೇರಿಸಿ ಇಟ್ಟುಕೊಂಡಿದ್ದೀರಾ ತಿಳಿಸಿ. ಎರಡು, ನನ್ನ ಮಾಹಿತಿಯನ್ನು ಬೇರೆ ಯಾರಿಗಾದರೂ ಕೊಟ್ಟಿದ್ದರೆ ಯಾರಿಗೆ ಎಂದು ತಿಳಿಸಿ. ಮೂರು, ತೆರಿಗೆ ಲೆಕ್ಕಕ್ಕೆ ಬೇಕಾದಷ್ಟನ್ನು ಬಿಟ್ಟು ಉಳಿದದ್ದನ್ನು ಅಳಿಸಿ, ಅಳಿಸಿದ್ದಕ್ಕೆ ಉತ್ತರ ಬರೆಯಿರಿ. ಪ್ರಚಾರದ ಸಂದೇಶ ಕಳಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ."

ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಗ್ರಾಹಕ ನಂಬಿಕೆಯಿಟ್ಟು ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿನ ಆಧಾರವಿಲ್ಲದೆ ಬೇರೆಯವರಿಗೆ ಕೊಡುವುದನ್ನು ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(47) ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲೇ ಸೇರಿಸಿದೆ. ದೂರು ಕೊಡುವಾಗ ಈ ಸೆಕ್ಷನ್ ಹೆಸರಿಸಿ. ಅಲ್ಲೂ ಆಗದಿದ್ದರೆ ಹಾಸನದಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಂಡ ಸರಕಿನ ಬೆಲೆ ಐದು ಲಕ್ಷದ ಒಳಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಬರೀ ಪ್ರಚಾರದ ಮೆಸೇಜ್ ನಿಂತರೆ ಸಾಕು ಎನ್ನುವವರು 1909ಕ್ಕೆ ಕರೆ ಮಾಡಿ.

ನಿಜಕ್ಕೂ ಹಿಂಬಾಲಿಸುವ ವಸ್ತು ಬೇರೆ

ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿರುವ ಮನೆಯವರು ಇದನ್ನು ಗಮನವಿಟ್ಟು ಓದಿ. ಅಂಗಡಿಯ ಚಿಪ್ಪಿಗೆ ನೀವು ಊರಲ್ಲಿ ಎಲ್ಲಿದ್ದೀರಿ ಎಂದು ಗೊತ್ತಾಗದು. ಆದರೆ ಕೀ, ಬ್ಯಾಗು ಕಳೆದುಹೋಗದಿರಲೆಂದು ಮಾರುವ ಬ್ಲೂಟೂತ್ ಟ್ರ್ಯಾಕರಿಗೆ ಗೊತ್ತಾಗುತ್ತದೆ. 2021ರಲ್ಲಿ ಬಂದ ಆಪಲ್ ಕಂಪನಿಯ ಏರ್‌ಟ್ಯಾಗ್ ಅಂಥದ್ದು: ಮೂರು ಸೆಂಟಿಮೀಟರ್ ಅಗಲದ ಬಿಲ್ಲೆ, ಒಳಗೆ ಗುಂಡಿಯಂಥ ಬ್ಯಾಟರಿ. ದಾರಿಯಲ್ಲಿ ಹೋಗುವವರ ಫೋನುಗಳ ಮೂಲಕವೇ ತಾನಿರುವ ಜಾಗವನ್ನು ಅದು ಒಡೆಯನಿಗೆ ತಿಳಿಸುತ್ತದೆ. ಕೋಟಿನ ಅಸ್ತರಿನೊಳಗೆ, ಬ್ಯಾಗಿನ ತಳದಲ್ಲಿ, ಸ್ಕೂಟರಿನ ಸೀಟಿನಡಿ ಯಾರಾದರೂ ಇಟ್ಟರೆ ತಿಂಗಳುಗಟ್ಟಲೆ ಹಿಂಬಾಲಿಸಬಲ್ಲದು. ಲೇಬಲ್ಲಿನ ಚಿಪ್ಪಿಗೆ ಹೆದರುವ ಹತ್ತು ಪಟ್ಟು ಎಚ್ಚರ ಇದಕ್ಕೆ ಬೇಕು.

ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸೇಫ್ಟಿ ಅಂಡ್ ಎಮರ್ಜೆನ್ಸಿ ಎಂಬಲ್ಲಿ ಅನ್‌ನೋನ್ ಟ್ರ್ಯಾಕರ್ ಅಲರ್ಟ್ಸ್ ಇದೆ. ಅದು ಆನ್ ಆಗಿದೆಯೇ ನೋಡಿ. ಅನುಮಾನವಿದ್ದರೆ ಅಲ್ಲೇ ಸ್ಕ್ಯಾನ್ ಒತ್ತಿ. 2024ರ ಮೇ ತಿಂಗಳಿಂದ ಆಪಲ್, ಗೂಗಲ್ ಎರಡೂ ಕಂಪನಿಗಳ ಫೋನುಗಳು ಇಂಥ ಅಪರಿಚಿತ ಟ್ರ್ಯಾಕರ್ ಜೊತೆಯಲ್ಲೇ ಬರುತ್ತಿದ್ದರೆ ಎಚ್ಚರಿಸುವಂತೆ ಹೊಂದಾಣಿಕೆ ಮಾಡಿಕೊಂಡಿವೆ. ಹಾಗೆ ಎಚ್ಚರಿಕೆ ಬಂದರೆ ನೇರ ಮನೆಗೆ ಹೋಗಬೇಡಿ, ಜನವಿರುವ ಕಡೆ ಅಥವಾ ಪೊಲೀಸ್ ಠಾಣೆಗೆ ಹೋಗಿ. ಬಿಲ್ಲೆ ಸಿಕ್ಕಿದರೆ ಬಿಸಾಡಬೇಡಿ, ಅದರ ಕ್ರಮಸಂಖ್ಯೆಯೇ ಪೊಲೀಸರಿಗೆ ಸಾಕ್ಷಿ. ತುರ್ತಿಗೆ 112, ಮಹಿಳಾ ಸಹಾಯವಾಣಿ 181.

ಕತ್ತರಿಸಿದ ಟ್ಯಾಗುಗಳನ್ನು ಏನು ಮಾಡ್ತೀರಿ

ನಮ್ಮ ಕಡೆಯ ಮನೆಗಳಲ್ಲಿ ಸಿಕ್ಕಿದ ಕಾಗದವೆಲ್ಲ ಬಚ್ಚಲ ಒಲೆಗೆ ಹೋಗುತ್ತದೆ. ಈ ಪಟ್ಟಿಯನ್ನು ಹಾಕಬೇಡಿ. ನೋಡಲು ಕಾಗದದಂತಿದ್ದರೂ ಒಳಗೆ ಪ್ಲಾಸ್ಟಿಕ್ ಹಾಳೆ, ಅಲ್ಯೂಮಿನಿಯಂ ಇದೆ, ಆ ಹೊಗೆ ನೀರು ಕಾಯಿಸುವವರ ಎದೆಗೆ ಹೋಗುತ್ತದೆ. ತಿಪ್ಪೆಗೂ ಬೇಡ, ಗೊಬ್ಬರದ ಜೊತೆ ತೋಟಕ್ಕೆ ಹೋಗಿ ಅಲ್ಲೇ ಉಳಿಯುತ್ತದೆ. ಹಳೇ ಬ್ಯಾಟರಿ, ಕೆಟ್ಟ ಚಾರ್ಜರ್ ಹಾಕುವ ಡಬ್ಬಿಗೇ ಇದನ್ನೂ ಹಾಕಿ, ಇ-ತ್ಯಾಜ್ಯ ತೆಗೆದುಕೊಳ್ಳುವವರು ಬಂದಾಗ ಕೊಡಿ. ಬಟ್ಟೆಯನ್ನು ಬೇರೆಯವರಿಗೆ ದಾನ ಕೊಡುವಾಗಲೂ ಒಮ್ಮೆ ಲೇಬಲ್ ತಡವಿ ನೋಡಿ ಕೊಡಿ. ಅಮ್ಮನ ಸ್ವೆಟರಿನಿಂದ ಎರಡೂ ಪಟ್ಟಿ ತೆಗೆದು, ಬಿಚ್ಚಿದ ಜಾಗಕ್ಕೆ ಹೊಲಿಗೆ ಹಾಕಿ, ಒಗೆದು ಮಡಚಿ ಅವರ ಮಂಚದ ಮೇಲಿಟ್ಟೆ. ಸಂಕ್ರಾಂತಿಯ ಬೆಳಗ್ಗೆ ಎಳ್ಳು ಬೀರಲು ಹೊರಟಾಗ ಅದನ್ನೇ ಹಾಕಿಕೊಂಡಿದ್ದರು.